ತೋಳದ ದ್ವೀಪದಲ್ಲಿ ನೀರು ಕುಡಿಯುವ ಬಗೆ

ಐಲ್ ರಾಯಲ್‌ನಲ್ಲಿ ದೋಣಿ ಇಳಿದವರಿಗೆ ರೇಂಜರ್ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು ನೀರಿನದು. ಸುತ್ತ ಕಣ್ಣು ಹಾಯುವಷ್ಟು ದೂರ ಸುಪೀರಿಯರ್ ಸರೋವರ. ತಳದ ಕಲ್ಲು ಕಾಣುವಷ್ಟು ತಿಳಿ, ಕೈ ಅದ್ದಿದರೆ ಬೆರಳು ಜೋಮು ಹಿಡಿಯುವಷ್ಟು ತಣ್ಣಗೆ. ಆದರೂ ಬೊಗಸೆಯಲ್ಲಿ ಎತ್ತಿ ಕುಡಿಯುವಂತಿಲ್ಲ. ಕ್ಲೋರಿನ್ ಮಾತ್ರೆ ಸಾಲದು, ಅಯೋಡಿನ್ ಸಾಲದು, ಈಚೆಗೆ ಚಾರಣಿಗರು ಜೇಬಿನಲ್ಲಿಟ್ಟುಕೊಂಡು ಓಡಾಡುವ ಅಲ್ಟ್ರಾವಯಲೆಟ್ ದೀಪವನ್ನೂ ಇಲ್ಲಿ ನಂಬುವುದಿಲ್ಲ. ಒಂದೋ ಕುದಿಸಬೇಕು, ಇಲ್ಲವೇ 0.4 ಮೈಕ್ರಾನ್ ಅಥವಾ ಅದಕ್ಕೂ ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಬೇಕು.

ಕಾರಣ ಒಂದು ಲಾಡಿಹುಳು. ತೋಳದ ಕರುಳಿನಲ್ಲಿ ಬೆಳೆಯುವ ಈ ಹುಳುವಿನ ಮೊಟ್ಟೆ ಹಿಕ್ಕೆಯ ಮೂಲಕ ನೆಲಕ್ಕೂ ನೀರಿಗೂ ಸೇರುತ್ತದೆ. ಸೊಪ್ಪು ಮೇಯುವ ಮೂಸ್ ಎಂಬ ದೊಡ್ಡ ಜಿಂಕೆ ಅದನ್ನು ನುಂಗುತ್ತದೆ. ಅದರ ಶ್ವಾಸಕೋಶದಲ್ಲಿ ಹುಳು ನೀರುಗಂಟಾಗಿ ಕೂತು ಕಾಯುತ್ತದೆ. ಮೂಸ್ ಸತ್ತು ತೋಳಕ್ಕೆ ಆಹಾರವಾದಾಗ ಮತ್ತೆ ತೋಳದ ಕರುಳಿಗೆ ಬಂತು. ನಡುವೆ ಮನುಷ್ಯ ಸಿಕ್ಕಿಕೊಂಡರೆ ಹುಳುವಿಗೆ ಏನೂ ಲಾಭವಿಲ್ಲ. ಮನುಷ್ಯನಿಗೆ ಮಾತ್ರ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಗಂಟು. ಹಾಗಾಗಿ ಸಂಜೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಫಿಲ್ಟರಿನ ಪಂಪು ಒತ್ತುವ ಪ್ರತಿಯೊಬ್ಬರೂ ಕಾಣದ ತೋಳವೊಂದಕ್ಕೆ ಲೆಕ್ಕ ಒಪ್ಪಿಸುತ್ತಿರುತ್ತಾರೆ. ಈ ದ್ವೀಪದ ಕಥೆಯೆಲ್ಲ ಸುತ್ತಿ ಸುತ್ತಿ ಆ ತೋಳ ಮತ್ತು ಮೂಸ್‌ಗಳ ಹತ್ತಿರವೇ ಬರುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಸೇರಿದ ದ್ವೀಪ ಇದು, ಈಗ ರಾಷ್ಟ್ರೀಯ ಉದ್ಯಾನ. ಆದರೆ ನಕ್ಷೆ ಬಿಡಿಸಿದರೆ ಮಿಶಿಗನ್‌ಗಿಂತ ಮಿನೆಸೋಟಕ್ಕೂ ಕೆನಡಾಕ್ಕೂ ಹತ್ತಿರ. ಉದ್ದ ಸುಮಾರು 72 ಕಿಲೋಮೀಟರ್, ಅಗಲ ಹೆಚ್ಚೆಂದರೆ 14. ಸುತ್ತ ನಾನೂರಕ್ಕೂ ಮಿಕ್ಕಿ ಪುಟ್ಟ ನಡುಗಡ್ಡೆಗಳು. ಸರೋವರ ಅಂದಾಕ್ಷಣ ನಮಗೆ ಏರಿಯಿರುವ ಕೆರೆ ನೆನಪಾಗುತ್ತದಲ್ಲ, ಅದನ್ನು ಪಕ್ಕಕ್ಕಿಡಿ. ಸುಪೀರಿಯರ್‌ನ ವಿಸ್ತೀರ್ಣ 82 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲನ್ನು ಮುಳುಗಿಸಿ ಮತ್ತೂ ಉಳಿಯುವಷ್ಟು. ಆಳ 406 ಮೀಟರ್ ಮುಟ್ಟುತ್ತದೆ. ಹಡಗುಗಳನ್ನು ನುಂಗಿದ ಸರೋವರ ಇದು. 1928ರಲ್ಲಿ ಮುಳುಗಿದ ‘ಅಮೆರಿಕಾ’ ಎಂಬ ಪ್ರಯಾಣಿಕರ ಹಡಗಿನ ಮೂತಿ ದ್ವೀಪದ ಪಶ್ಚಿಮ ತುದಿಯಲ್ಲಿ ನೀರಿನ ಮೇಲ್ಮೈಗೆ ಎಷ್ಟು ಹತ್ತಿರವಿದೆಯೆಂದರೆ, ದೋಣಿಯಲ್ಲಿ ಬಗ್ಗಿ ನೋಡಿದರೆ ಕಾಣುತ್ತದೆ.

ರಸ್ತೆಯಿಲ್ಲ, ವಾಹನವಿಲ್ಲ, ಸೇತುವೆಯಿಲ್ಲ. ಹೋಟನ್ ಊರಿನಿಂದ ಉದ್ಯಾನ ಇಲಾಖೆಯದೇ ಆದ ‘ರೇಂಜರ್ 3’ ಹಡಗಿನಲ್ಲಿ ಆರು ಗಂಟೆ. ಕಾಪರ್ ಹಾರ್ಬರ್‌ನಿಂದಲೂ ಮಿನೆಸೋಟದ ಗ್ರ್ಯಾಂಡ್ ಪೋರ್ಟೇಜ್‌ನಿಂದಲೂ ಖಾಸಗಿ ದೋಣಿಗಳಿವೆ. ಅವಸರದವರಿಗೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ನವೆಂಬರ್ 1ರಿಂದ ಏಪ್ರಿಲ್ ಮಧ್ಯದವರೆಗೆ ಇಡೀ ಉದ್ಯಾನಕ್ಕೆ ಬೀಗ. ವರ್ಷಪೂರ್ತಿ ಬಂದವರನ್ನೆಲ್ಲ ಕೂಡಿದರೂ 30 ಸಾವಿರ ದಾಟುವುದಿಲ್ಲ. ಆದರೆ ಬಂದವರು ಬೇಗ ಹೋಗುವುದಿಲ್ಲ. ಬೇರೆ ರಾಷ್ಟ್ರೀಯ ಉದ್ಯಾನಗಳಲ್ಲಿ ಜನ ಕಾರಿನಿಂದಿಳಿದು ಫೋಟೊ ತೆಗೆದು ಕೆಲವೇ ಗಂಟೆಗಳಲ್ಲಿ ಹೊರಟರೆ, ಇಲ್ಲಿ ಮೂರು ನಾಲ್ಕು ದಿನ ಉಳಿಯುವುದು ವಾಡಿಕೆ. ಒಮ್ಮೆ ಬಂದವರು ಮತ್ತೆ ಬರುವುದೂ ಹೆಚ್ಚು. ತೋರಿಸುವುದಕ್ಕೆ ದೊಡ್ಡ ಜಲಪಾತವಿಲ್ಲ, ಹಿಮಶಿಖರವಿಲ್ಲ. ದ್ವೀಪದ ಅತಿ ಎತ್ತರದ ಗುಡ್ಡ ಮೌಂಟ್ ಡೀಸರ್ 425 ಮೀಟರ್, ಮೆಜೆಸ್ಟಿಕ್ ಬಸ್ ನಿಲ್ದಾಣದ ಅರ್ಧದಷ್ಟೂ ಇಲ್ಲ. ಹತ್ತಿದರೆ ಮರಗಳು ಮುಚ್ಚಿಕೊಂಡಿರುವುದರಿಂದ ಏನೂ ಕಾಣುವುದೂ ಇಲ್ಲ. ನನಗಂತೂ ಈ ಶಿಖರ ಬಹಳ ಇಷ್ಟವಾಯಿತು. ಅಲ್ಲಿ ಯಾರೂ ಸೆಲ್ಫಿಗೆ ನಿಲ್ಲುವುದಿಲ್ಲ.

ಹಾಗಂತ ನಡಿಗೆ ಸಲೀಸು ಎಂದುಕೊಳ್ಳಬಾರದು. ಸುಮಾರು 110 ಕೋಟಿ ವರ್ಷಗಳ ಹಿಂದೆ ಈ ಭೂಖಂಡ ನಡುವೆ ಸೀಳತೊಡಗಿದಾಗ ಉಕ್ಕಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿತು. ಆಮೇಲೆ ನಡುಭಾಗ ಕುಸಿದು ಪದರಗಳು ಬಾಣಲೆಯಂತೆ ಬಾಗಿದವು. ಬಾಣಲೆಯ ಒಂದು ಅಂಚು ಮಿಶಿಗನ್‌ನ ಕೀವನಾ ಪರ್ಯಾಯ ದ್ವೀಪದಲ್ಲಿ ಮೇಲೆದ್ದಿದೆ, ಇನ್ನೊಂದು ಅಂಚು ಐಲ್ ರಾಯಲ್. ನಡುವಿನ ತಗ್ಗಿನಲ್ಲಿ ಸರೋವರ. ಇದರಿಂದಾಗಿ ದ್ವೀಪದ ಉದ್ದಕ್ಕೂ ಸಮಾನಾಂತರ ಏಣುಗಳು, ನಡುನಡುವೆ ಉದ್ದನೆಯ ಕೊಳಗಳು, ಜೌಗು. ಏಣಿನ ಆಗ್ನೇಯ ಮಗ್ಗುಲು ಇಳಿಜಾರು, ವಾಯವ್ಯ ಮಗ್ಗುಲು ಕಡಿದಾದ ಬಂಡೆ. ಏಣಿನ ಬೆನ್ನ ಮೇಲೇ ನಡೆದರೆ ಸುಖ. ಅಡ್ಡ ಹಾಯಲು ಹೊರಟರೆ ಏರು, ಇಳಿ, ಜೌಗು ದಾಟು, ಮತ್ತೆ ಏರು. ಹೆಗಲಲ್ಲಿ ಭಾರದ ಚೀಲವಿದ್ದಾಗ ಈ ಭೂವಿಜ್ಞಾನ ಮೊಣಕಾಲಿಗೆ ಬಲುಬೇಗ ಅರ್ಥವಾಗುತ್ತದೆ.

ಬೆನ್ನುಹಾದಿಗಳಲ್ಲಿ ದೊಡ್ಡದು ಗ್ರೀನ್‌ಸ್ಟೋನ್ ರಿಡ್ಜ್, ದ್ವೀಪದ ಉದ್ದಕ್ಕೂ 64 ಕಿಲೋಮೀಟರಿಗೂ ಹೆಚ್ಚು. ಪೂರ್ವ ಭಾಗದಲ್ಲಿ ಮೌಂಟ್ ಫ್ರ್ಯಾಂಕ್ಲಿನ್‌ನ ಬೋಳು ಬಂಡೆಯ ಮೇಲೆ ನಿಂತರೆ ಉತ್ತರಕ್ಕೆ ಕೆನಡಾದ ದಡ ಕಾಣುತ್ತದೆ. ಅಲ್ಲಿಂದ ಮುಂದೆ ಮೌಂಟ್ ಓಜಿಬ್ವೆ, ಅದರ ನೆತ್ತಿಯ ಮೇಲೊಂದು ಹಳೇ ಬೆಂಕಿಕಾವಲಿನ ಗೋಪುರ. ಬಿಸಿಲಿನ ದಿನ ಏಣಿನ ಮೇಲೆ ಎಲ್ಲೂ ನೀರು ಸಿಗುವುದಿಲ್ಲ. ಸುತ್ತ ಸಾಗರದಂಥ ಸಿಹಿನೀರು ಕಾಣುತ್ತಿರುತ್ತದೆ, ಬಾಟಲಿಯಲ್ಲಿ ಎರಡು ಗುಟುಕು ಉಳಿದಿರುತ್ತದೆ. ಸಂಜೆಯ ಬಿಡಾರಗಳೆಲ್ಲ ಏಣು ಇಳಿದು ಹ್ಯಾಚೆಟ್ ಲೇಕ್, ಸೌತ್ ಲೇಕ್ ಡೀಸರ್‌ನಂಥ ಒಳಗಿನ ಕೊಳಗಳ ದಡದಲ್ಲಿ. ಮರುದಿನ ಬೆಳಿಗ್ಗೆ ಇಳಿದಷ್ಟನ್ನೂ ಮತ್ತೆ ಹತ್ತಬೇಕು.

ಡೆಟ್ರಾಯ್ಟ್ ಕಡೆ ಕಾರ್ ಕಂಪನಿಯಲ್ಲಿ ಕೆಲಸ ಮಾಡುವ ಅಕ್ಕನ ಮಗನೇ ನನ್ನನ್ನು ಇಲ್ಲಿಗೆ ಎಳೆದುಕೊಂಡು ಹೋದವನು. ಹೊರಡುವ ಹಿಂದಿನ ರಾತ್ರಿ ನನ್ನ ಚೀಲ ಬಿಚ್ಚಿ ಒಂದೊಂದನ್ನೂ ತಕ್ಕಡಿಗಿಟ್ಟ. ‘ಮಾಮ, ಇದು ಬೇಡ. ಇದೂ ಬೇಡ. ಎರಡನೇ ಸ್ವೆಟರ್ ಯಾಕೆ?’ ಸ್ಟೀಲ್ ಲೋಟ ಹೋಯಿತು, ಪುಸ್ತಕ ಹೋಯಿತು, ಬಿಸ್ಕತ್ತಿನ ಡಬ್ಬಿಯಿಂದ ಬಿಸ್ಕತ್ತು ಉಳಿದು ಡಬ್ಬಿ ಹೋಯಿತು. ಅವನಮ್ಮ ಬೆಂಗಳೂರಿನಿಂದ ಕಳಿಸಿದ್ದ ಗೊಜ್ಜವಲಕ್ಕಿ ಪುಡಿಗೆ, ಚಟ್ನಿಪುಡಿಗೆ, ಹುರಿಹಿಟ್ಟಿಗೆ ಮಾತ್ರ ತಕರಾರು ಬರಲಿಲ್ಲ. ಅಂಗಡಿಯಲ್ಲಿ ಸಿಗುವ ಚಾರಣಿಗರ ಒಣ ಊಟದ ಪೊಟ್ಟಣಕ್ಕೆ ಕುದಿವ ನೀರು ಬೇಕು, ನೀರು ಕುದಿಸಲು ಗ್ಯಾಸ್ ಬೇಕು, ಗ್ಯಾಸ್ ಡಬ್ಬಿಯ ಭಾರ ಹೊರಬೇಕು. ತರಿ ಅವಲಕ್ಕಿಗೆ ಸೋಸಿದ ತಣ್ಣೀರು ಸಾಕು. ಪುಡಿ ಬೆರೆಸಿ ಹದಿನೈದು ನಿಮಿಷ ಬಿಟ್ಟರೆ ಅರಳಿ ಹದವಾಗಿರುತ್ತದೆ, ಹುಣಸೆ ಬೆಲ್ಲದ ರುಚಿಗೆ ದಣಿದ ನಾಲಿಗೆ ಎಚ್ಚರಾಗುತ್ತದೆ. ಡೇಸಿ ಫಾರ್ಮ್ ಬಿಡಾರದಲ್ಲಿ ಪಕ್ಕದ ಶೆಲ್ಟರಿನ ವಯಸ್ಸಾದ ದಂಪತಿ ಒಂದು ಚಮಚ ರುಚಿ ನೋಡಿ, ಇದನ್ನು ಯಾವ ಕಂಪನಿ ಮಾಡುತ್ತದೆ ಎಂದು ಕೇಳಿದರು. ಅಕ್ಕನ ಮಗ ಗಂಭೀರವಾಗಿ ‘ನಮ್ಮಮ್ಮ’ ಅಂದ.

ಶೆಲ್ಟರ್ ಅಂದರೆ ಮೂರು ಕಡೆ ಹಲಗೆಯ ಗೋಡೆ, ಮುಂಭಾಗಕ್ಕೆ ಸೊಳ್ಳೆಜಾಲರಿ, ಮೇಲೆ ಇಳಿಜಾರು ಮಾಡು, ಅಷ್ಟೆ. ಮುಂಗಡ ಕಾಯ್ದಿರಿಸುವ ಪದ್ಧತಿಯಿಲ್ಲ, ಮೊದಲು ಬಂದವರಿಗೆ. ದ್ವೀಪದಲ್ಲಿ 36 ಬಿಡಾರಗಳಿದ್ದು ಅವುಗಳಲ್ಲಿ ಕೆಲವಕ್ಕೆ ಮಾತ್ರ ಶೆಲ್ಟರ್ ಭಾಗ್ಯ. ಉಳಿದೆಡೆ ನಿಮ್ಮ ಟೆಂಟೇ ಗತಿ. ಜೂನ್ ತಿಂಗಳ ಸೊಳ್ಳೆ ಮತ್ತು ಕರಿನೊಣದ ಕಾಲದಲ್ಲಿ ಆ ಜಾಲರಿಯ ಬೆಲೆ ತಿಳಿಯುತ್ತದೆ. ಮಳೆ ಸುರಿದು ಜಾಗ ತುಂಬಿದ ರಾತ್ರಿ ಅಪರಿಚಿತರು ಬಾಗಿಲು ತಟ್ಟಿದರೆ ಚೀಲಗಳನ್ನು ಮೂಲೆಗೆ ತಳ್ಳಿ ಒಳಗೆ ಕರೆದುಕೊಳ್ಳುವುದು ಇಲ್ಲಿನ ಮರ್ಯಾದೆ. ಒಳಗೋಡೆಯ ತುಂಬ ಹಿಂದೆ ಬಂದವರು ಕೆತ್ತಿದ ಹೆಸರು, ಇಸವಿ, ಮಳೆಗೆ ಬೈಗುಳ. ಗುರುತು ಬಿಡದೆ ಹೋಗಿ ಎಂದು ಹೇಳುವ ಉದ್ಯಾನದಲ್ಲಿ ಜನ ಗುರುತು ಬಿಡಲು ಹುಡುಕಿಕೊಂಡ ಜಾಗ ಇದೊಂದೇ ಇರಬೇಕು.

ಉಳಿದದ್ದರಲ್ಲೆಲ್ಲ ನಿಯಮ ಬಿಗಿ. ಬಹುತೇಕ ಬಿಡಾರಗಳಲ್ಲಿ ಸೌದೆ ಉರಿಸುವಂತಿಲ್ಲ. ಕಸವನ್ನೆಲ್ಲ ಹೊತ್ತು ವಾಪಸು ತರಬೇಕು. ನಾಯಿಗಂತೂ ಪ್ರವೇಶವೇ ಇಲ್ಲ, ನಿಮ್ಮ ಖಾಸಗಿ ದೋಣಿಯೊಳಗೆ ಕಟ್ಟಿ ಹಾಕಿದ್ದರೂ ಇಲ್ಲ. ನಾಯಿ ಎಂದರೆ ಇಲ್ಲಿ ಯಾಕಿಷ್ಟು ಭಯ ಎಂಬುದಕ್ಕೆ ದೊಡ್ಡದೊಂದು ಪೆಟ್ಟಿನ ಕಥೆಯಿದೆ, ಅದು ಮೂಸ್‌ನಿಂದ ಶುರುವಾಗುತ್ತದೆ.

ಮೂಸ್ ಇಲ್ಲಿಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ನಮ್ಮ ಕಡವೆಯನ್ನು ಕುಳ್ಳ ಮಾಡಿಬಿಡುವ, ಗಂಡಾದರೆ 400 ಕಿಲೋ ಮೀರಿ ತೂಗುವ ಜಿಂಕೆ ಜಾತಿ. ತಿನ್ನುವ ಶತ್ರುವಿಲ್ಲದೆ ದ್ವೀಪದ ತುಂಬ ಹಬ್ಬಿತು, ಹಬ್ಬಿದ್ದಕ್ಕೆ ಹಸಿವಿನಿಂದ ಸತ್ತಿತು, ಮತ್ತೆ ಹಬ್ಬಿತು. 1940ರ ದಶಕದ ಕೊನೆಯಲ್ಲಿ ಸರೋವರ ಹೆಪ್ಪುಗಟ್ಟಿದ ಯಾವುದೋ ಚಳಿಗಾಲ ತೋಳಗಳು ಮಂಜುಗಡ್ಡೆಯ ಮೇಲೆ ನಡೆದುಬಂದವು. ಬೇಟೆಯಾಡುವ ಪ್ರಾಣಿ ಒಂದು, ಬೇಟೆಯಾಗುವ ದೊಡ್ಡ ಪ್ರಾಣಿ ಒಂದು, ಸುತ್ತ ನೀರಿನ ಬೇಲಿ. ಕರಡಿಯಿಲ್ಲ, ಬೇರೆ ಜಿಂಕೆಯಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಡರ್ವರ್ಡ್ ಆಲನ್ ಇದನ್ನು ನೋಡಿ 1958ರಲ್ಲಿ ಅಧ್ಯಯನ ಶುರು ಮಾಡಿದರು. ಅದು ಇಂದಿಗೂ ನಡೆದಿದೆ. ಬೇಟೆ ಮತ್ತು ಬೇಟೆಗಾರನ ಕುರಿತು ಜಗತ್ತಿನಲ್ಲಿ ಇಷ್ಟು ದೀರ್ಘವಾಗಿ ನಡೆದ ಅಧ್ಯಯನ ಬೇರೆಯಿಲ್ಲ. ಆಲನ್ ಅವರ ಮೊದಲ ವಿದ್ಯಾರ್ಥಿ ಡೇವಿಡ್ ಮೀಚ್ ಮುಂದೆ ತೋಳಗಳ ವಿಷಯದಲ್ಲಿ ಜಗತ್ತಿನ ದೊಡ್ಡ ಹೆಸರಾದರು. 1970ರಲ್ಲಿ ಬಂದ ಇನ್ನೊಬ್ಬ ವಿದ್ಯಾರ್ಥಿ ರಾಲ್ಫ್ ಪೀಟರ್ಸನ್ ತಮ್ಮ ಆಯಸ್ಸಿನ ಬೇಸಿಗೆಗಳನ್ನೆಲ್ಲ ಈ ದ್ವೀಪದಲ್ಲೇ ಕಳೆದರು.

1980ರಲ್ಲಿ ಐವತ್ತು ತೋಳಗಳಿದ್ದವು. ಎರಡೇ ವರ್ಷದಲ್ಲಿ ಹದಿನಾಲ್ಕಕ್ಕೆ ಇಳಿದವು. ಯಾರೋ ದ್ವೀಪಕ್ಕೆ ತಂದ ಸಾಕುನಾಯಿಯಿಂದ ಪಾರ್ವೋ ವೈರಸ್ ಹರಡಿರಬೇಕು ಎಂಬುದು ವಿಜ್ಞಾನಿಗಳ ತರ್ಕ. ಆಮೇಲೂ ತೋಳಗಳು ಮೊದಲಿನಂತಾಗಲಿಲ್ಲ. 1997ರಲ್ಲಿ ಒಂಟಿ ಗಂಡೊಂದು ಮಂಜುಗಡ್ಡೆ ದಾಟಿ ಬಂದು ಹೊಸ ರಕ್ತ ತಂದಿತಾದರೂ, ಕೆಲವೇ ತಲೆಮಾರುಗಳಲ್ಲಿ ದ್ವೀಪದ ತೋಳಗಳೆಲ್ಲ ಅದರದ್ದೇ ಸಂತಾನವಾಗಿ ಒಳಸಂಬಂಧ ಇನ್ನಷ್ಟು ಬಿಗಿಯಾಯಿತು. ಬೆನ್ನುಮೂಳೆ ವಿಕಾರಗೊಂಡ ಮರಿಗಳು ಹುಟ್ಟಿದವು. 2016ರ ಹೊತ್ತಿಗೆ ಉಳಿದದ್ದು ಎರಡು, ಒಂದು ಗಂಡು ಮತ್ತು ಅದರ ಮಗಳು. ಹೊಸ ತೋಳ ಬರೋಣವೆಂದರೆ ದಾರಿಯಿಲ್ಲ. 1960ರ ದಶಕದಲ್ಲಿ ಮಾಮೂಲಾಗಿ ಕಟ್ಟುತ್ತಿದ್ದ ಮಂಜಿನ ಸೇತುವೆ ಈಗ ಅಪರೂಪಕ್ಕೊಮ್ಮೆ ಕಟ್ಟುತ್ತದೆ. 2014ರಲ್ಲಿ ಕಟ್ಟಿತು. ಆಗ ಇಸಬೆಲ್ ಎಂದು ಸಂಶೋಧಕರು ಕರೆಯುತ್ತಿದ್ದ ಹೆಣ್ಣುತೋಳ ದಾಟಿಕೊಂಡು ಆಚೆ ದಡ ಸೇರಿತು, ಅಲ್ಲಿ ಗುಂಡಿನೇಟಿಗೆ ಸತ್ತು ಬಿದ್ದಿತ್ತು.

ತೋಳ ಇಲ್ಲವಾದರೆ ಏನಾಗುತ್ತದೆ ಎನ್ನುವುದನ್ನು ಪಶ್ಚಿಮ ತುದಿಯ ವಿಂಡಿಗೊ ಬಳಿಯ ಬೇಲಿ ನೋಡಿದರೆ ಗೊತ್ತಾಗುತ್ತದೆ. ಮೂಸ್ ನುಗ್ಗದಂತೆ ಕಟ್ಟಿದ ಆವರಣದೊಳಗೆ ಬಾಲ್ಸಂ ಫರ್ ಮರಗಳು ತಲೆ ಮೇಲೆ ಬೆಳೆದಿವೆ. ಹೊರಗೆ ಅದೇ ಜಾತಿಯ, ಅದೇ ಮಣ್ಣಿನ ಗಿಡಗಳು ಮೊಣಕಾಲಿನೆತ್ತರದಲ್ಲಿ ಮುರುಟಿಕೊಂಡಿವೆ. ಪ್ರತಿ ಚಳಿಗಾಲ ಹಿಮದ ಮೇಲೆ ಕಂಡ ಚಿಗುರನ್ನೆಲ್ಲ ಮೂಸ್ ಸವರಿ ಸವರಿ ಗಿಡ ಕುಬ್ಜವಾಗಿದೆ.

ಆ ಬೇಲಿಯಿಂದ ದೂರವಿಲ್ಲದ ವಾಷಿಂಗ್ಟನ್ ಕ್ರೀಕ್ ಎಂಬ ಹಳ್ಳದಲ್ಲಿ ನಾವು ಮೂಸ್ ನೋಡಿದ್ದು. ಹೆಣ್ಣು. ಎದೆಮಟ್ಟದ ನೀರಿನಲ್ಲಿ ನಿಂತು ತಲೆಯನ್ನು ಪೂರ್ತಿ ಮುಳುಗಿಸಿ ಬಿಟ್ಟಿತ್ತು, ನೀರಿನ ಮೇಲೆ ಬೆನ್ನಿನ ಡುಬ್ಬ ಮಾತ್ರ. ಎಷ್ಟು ಹೊತ್ತಾದರೂ ತಲೆ ಏಳದಿದ್ದಾಗ ನನಗೇ ಉಸಿರು ಕಟ್ಟಿತು. ಆಮೇಲೆ ಬುಸ್ಸೆಂದು ಎದ್ದಿತು. ಜೋತುಬಿದ್ದ ಮೇಲ್ತುಟಿಯ ಎರಡೂ ಬದಿ ನೀರುಗಿಡದ ಎಳೆಗಳು, ಕಿವಿಯಿಂದ ನೀರು ಸುರಿಯುತ್ತಿತ್ತು. ನಮ್ಮ ಕಡೆ ನೋಡಿತು, ಅಗಿಯುವುದನ್ನು ನಿಲ್ಲಿಸಲಿಲ್ಲ. ಕಾಡಿನ ಸೊಪ್ಪಿನಲ್ಲಿ ಉಪ್ಪಿನಂಶ ಕಡಿಮೆ, ನೀರುಗಿಡಗಳಲ್ಲಿ ಹೆಚ್ಚು. ಬೇಸಿಗೆಯಿಡೀ ಅವು ಹೀಗೆ ಮುಳುಗಿ ಮುಳುಗಿ ಉಪ್ಪಿನ ಬಾಕಿ ತೀರಿಸಿಕೊಳ್ಳುತ್ತವೆ. ಕರುವಿರುವ ಹೆಣ್ಣಿನ ಹತ್ತಿರ ಮಾತ್ರ ಸುಳಿಯಬಾರದು. ಈ ದ್ವೀಪದಲ್ಲಿ ಮನುಷ್ಯ ಹೆದರಬೇಕಾದ ಪ್ರಾಣಿ ತೋಳವಲ್ಲ, ಮೂಸ್.

ಎರಡೇ ತೋಳ ಉಳಿದಾಗ ಎದ್ದ ಜಗಳ ನನಗೆ ಈ ದ್ವೀಪದ ಬಂಡೆ, ಕೊಳಗಳಿಗಿಂತ ದೊಡ್ಡ ಆಕರ್ಷಣೆ. 1976ರಿಂದ ಇಲ್ಲಿನ ನೆಲದ ಶೇ 99ರಷ್ಟು ಭಾಗ ಕಾನೂನಿನ ಪ್ರಕಾರ ‘ವಿಲ್ಡರ್‌ನೆಸ್’. ಅಂದರೆ ಮನುಷ್ಯ ಅತಿಥಿಯಾಗಿ ಬಂದು ಹೋಗಬಹುದು, ಯಜಮಾನಿಕೆ ಮಾಡಬಾರದು. ಹಾಗಿದ್ದ ಮೇಲೆ ತೋಳ ಅಳಿದರೆ ಅಳಿಯಲಿ ಎಂದು ಸುಮ್ಮನಿರಬೇಕಲ್ಲವೇ? ಹೊರಗಿನಿಂದ ತೋಳ ತಂದು ಬಿಟ್ಟರೆ ಅದು ಕಾಡೋ ಪ್ರಾಣಿ ಸಂಗ್ರಹಾಲಯವೋ? ಕಾದು ನೋಡೋಣ ಎಂದವರು ಡೇವಿಡ್ ಮೀಚ್. ಮಂಜು ಕರಗಿಸಿದವರು ನಾವು, ನಾಯಿ ತಂದವರು ನಾವು, ಈಗ ಕೈಕಟ್ಟಿ ನಿಂತು ನಿಸರ್ಗದ ಇಚ್ಛೆ ಎನ್ನುವುದು ಸರಿಯೇ ಎಂಬ ಧಾಟಿಯಲ್ಲಿ ವಾದಿಸಿದವರು ರಾಲ್ಫ್ ಪೀಟರ್ಸನ್ ಮತ್ತು ಅವರ ಜತೆ ಇದೇ ಅಧ್ಯಯನ ನಡೆಸಿದ ಜಾನ್ ವುಸೆಟಿಚ್. ಮೀಚ್ ಮತ್ತು ಪೀಟರ್ಸನ್ ಒಂದೇ ಗುರುವಿನ ಗರಡಿಯಲ್ಲಿ ಪಳಗಿದವರು, ಒಂದೇ ದ್ವೀಪದ ಹಿಕ್ಕೆ ಮೂಳೆ ಹೆಕ್ಕಿದವರು, ಎದುರುಬದುರು ನಿಂತರು.

ನನ್ನ ಮತ ಪೀಟರ್ಸನ್ ಕಡೆಗೆ. ಏಕೆಂದರೆ ‘ಮುಟ್ಟದ ಕಾಡು’ ಎಂಬ ಮಾತೇ ಇಲ್ಲಿ ಪೊಳ್ಳು. ಮಿನಾಂಗ್ ರಿಡ್ಜ್ ಹಾದಿಯ ಪಕ್ಕದಲ್ಲಿ ಸಾವಿರಾರು ವರ್ಷಗಳ ಹಿಂದಿನ ತಾಮ್ರದ ಗುಂಡಿಗಳಿವೆ. ದಡದ ಗುಂಡುಕಲ್ಲನ್ನೇ ಸುತ್ತಿಗೆ ಮಾಡಿಕೊಂಡು ಬಂಡೆ ಒಡೆದು ಅಪ್ಪಟ ತಾಮ್ರ ತೆಗೆದವರು ಇಲ್ಲಿನ ಮೂಲನಿವಾಸಿಗಳು. ಮಿನಾಂಗ್ ಎಂಬ ಹೆಸರಿನಲ್ಲಿ ಈ ದ್ವೀಪ ಓಜಿಬ್ವೆ ಜನರ ಬಾಳಿನ ಭಾಗ. ಹತ್ತೊಂಬತ್ತನೇ ಶತಮಾನದಲ್ಲಿ ಗಣಿ ಕಂಪನಿಗಳು ಬಂದು, ಬಂಡೆ ಕಾಣಲೆಂದು ಕಾಡಿಗೇ ಬೆಂಕಿಯಿಟ್ಟವು. ಆಮೇಲೆ ಮೀನುಗಾರರು, ಬೇಸಿಗೆ ಮನೆಗಳ ಸಿರಿವಂತರು, ಮರ ಕಡಿಯುವವರು. 1931ರಲ್ಲಿ ಉದ್ಯಾನಕ್ಕೆ ಒಪ್ಪಿಗೆ ಸಿಕ್ಕಿತು. 1936ರಲ್ಲಿ ದ್ವೀಪದ ಐದನೇ ಒಂದು ಭಾಗಕ್ಕೂ ಹೆಚ್ಚು ಸುಟ್ಟುಹೋಯಿತು. 1940ರಲ್ಲಿ ಉದ್ಯಾನ ಅಧಿಕೃತವಾಗಿ ಸ್ಥಾಪನೆಯಾಯಿತು. ಮನುಷ್ಯ ಹಿಂದೆ ಸರಿದ ಮೇಲೆ ಎದ್ದ ಕಾಡು ಇದು. ಸರಿಯುವುದೂ ಒಂದು ನಿರ್ಧಾರವೇ, ತೋಳ ತರುವಷ್ಟೇ.

ಕೊನೆಗೆ ತಂದರು. 2018ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ 19 ತೋಳಗಳನ್ನು ಹಿಡಿದು, ಅರಿವಳಿಕೆ ಕೊಟ್ಟು ಇಲ್ಲಿಗೆ ಸಾಗಿಸಿದರು. ಕೆಲವು ಬಂದದ್ದು ಸುಪೀರಿಯರ್‌ನ ಇನ್ನೊಂದು ದ್ವೀಪ ಮಿಶಿಪಿಕೊಟೆನ್‌ನಿಂದ. ಮಂಜಿನ ಮೇಲೆ ಅಲ್ಲಿಗೆ ಹೋಗಿದ್ದ ತೋಳಗಳು ಕ್ಯಾರಿಬೂ ಜಿಂಕೆಗಳನ್ನು ಬಹುತೇಕ ಮುಗಿಸಿ ಉಪವಾಸ ಬಿದ್ದಿದ್ದವು. ಮಿನೆಸೋಟದಿಂದ ತಂದ ಒಂದು ಹೆಣ್ಣಿಗೆ ಹೊಸ ಊರು ಒಗ್ಗಲಿಲ್ಲ. 2019ರ ಜನವರಿ ಕೊನೆಗೆ ಸರೋವರ ಹೆಪ್ಪುಗಟ್ಟಿದ್ದೇ ತಡ, ಕೊರಳಿನ ರೇಡಿಯೊ ಪಟ್ಟಿಯ ಸಮೇತ ನಡೆದುಕೊಂಡು ಆಚೆ ದಡಕ್ಕೆ ಹೋಗಿಬಿಟ್ಟಿತು. ಉಳಿದವು ನೆಲೆ ನಿಂತವು. 2019ರಲ್ಲಿ ಎರಡು ಸಾವಿರ ದಾಟಿದ್ದ ಮೂಸ್‌ಗಳು 2024ರ ಚಳಿಗಾಲದ ಎಣಿಕೆಯಲ್ಲಿ ಸುಮಾರು 840ಕ್ಕೆ ಇಳಿದಿದ್ದವು, ತೋಳಗಳು ಮೂವತ್ತಾಗಿದ್ದವು. ಇಳಿದದ್ದೆಲ್ಲ ತೋಳದ ಹಲ್ಲಿಗೇ ಸಿಕ್ಕಿ ಅಲ್ಲ. ಮೇವಿನ ಕೊರತೆ, ಉಣ್ಣೆಯ ಕಾಟವೂ ಕೈಜೋಡಿಸಿದವು.

ಇಷ್ಟಾದರೂ ಚಾರಣಿಗನ ಕಣ್ಣಿಗೆ ತೋಳ ಬೀಳುವುದು ಕಡಿಮೆ. ಕೆಸರಿನಲ್ಲಿ ಹೆಜ್ಜೆ ಕಾಣುತ್ತದೆ, ಹಾದಿಯ ನಟ್ಟನಡುವೆ ಕೂದಲು ತುಂಬಿದ ಹಿಕ್ಕೆ ಕಾಣುತ್ತದೆ. ‘ಇದನ್ನೇ ನೋಡೋಕೆ ಇಷ್ಟು ದೂರ ಬಂದ್ವಾ?’ ಅಂದೆ. ಅಕ್ಕನ ಮಗ ಅದರ ಪಕ್ಕದಲ್ಲಿ ಚಾರಣದ ಕೋಲಿಟ್ಟು ಅಳತೆಗೆಂದು ಫೋಟೊ ತೆಗೆಯುತ್ತ, ‘ಮುಟ್ಟಬೇಡಿ ಮಾಮ, ಲಾಡಿಹುಳು’ ಅಂದ.

ಹೋಗುವವರಿಗೆ ಒಂದಿಷ್ಟು ಉಪಯೋಗದ ಮಾತು. ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭ ಒಳ್ಳೆಯ ಕಾಲ. ಸೊಳ್ಳೆ ಇಳಿದಿರುತ್ತದೆ, ಆಗಸ್ಟ್‌ನಲ್ಲಾದರೆ ಹಾದಿಯ ಇಕ್ಕೆಲದಲ್ಲಿ ಥಿಂಬಲ್‌ಬೆರಿ ಹಣ್ಣು ಕೆಂಪಗೆ ಕಳಿತಿರುತ್ತದೆ, ಹುಳಿಸಿಹಿ, ಕೈ ಸೋಕಿದರೆ ಪುಡಿಯಾಗುವಷ್ಟು ಮೆದು. ತಲೆಗೆ ದಿನಕ್ಕೆ 7 ಡಾಲರ್ ಪ್ರವೇಶ ಶುಲ್ಕ, ಆರು ಜನರವರೆಗಿನ ಗುಂಪಿಗೆ ಬಿಡಾರಕ್ಕೆ ಬೇರೆ ಹಣವಿಲ್ಲ. ದೋಣಿಯ ಟಿಕೆಟ್ ಮಾತ್ರ ತಿಂಗಳುಗಟ್ಟಲೆ ಮುಂಚೆ ತೆಗೆದಿಡಬೇಕು. ಗಾಳಿ ಎದ್ದರೆ ವಾಪಸು ಬರುವ ದೋಣಿ, ವಿಮಾನ ಎರಡೂ ನಿಲ್ಲಬಹುದು, ಆದ್ದರಿಂದ ಒಂದು ದಿನದ ಊಟ ಹೆಚ್ಚಿಗೆ ಇರಲಿ. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯಲು ಬಿಡುವುದಿಲ್ಲ, ದ್ವೀಪದ ಅಂಗಡಿಯಲ್ಲೇ ಕೊಳ್ಳಬೇಕು. ಮೊದಲ ಸಲ ಹೋಗುವವರು ರಾಕ್ ಹಾರ್ಬರಿನಲ್ಲಿ ಇಳಿದು ಡೇಸಿ ಫಾರ್ಮ್, ಮಾಸ್ಕಿ ಬೇಸಿನ್‌ವರೆಗೆ ದಡದ ಹಾದಿಯಲ್ಲಿ ನಡೆದು ಮರಳಿದರೂ ಸಾಕು. ಮಾಸ್ಕಿಯಲ್ಲಿ ಚಪ್ಪಟೆ ಬಂಡೆ ನೇರ ನೀರಿಗಿಳಿಯುತ್ತದೆ. ಧೈರ್ಯವಿದ್ದವರು ಧುಮುಕುತ್ತಾರೆ, ಧುಮುಕಿದಷ್ಟೇ ಬೇಗ ಕಿರುಚಿಕೊಂಡು ಹೊರಬರುತ್ತಾರೆ. ಇನ್ನೊಂದು ಮಾತು, ರಾತ್ರಿ ಶೂಗಳನ್ನು ಟೆಂಟಿನ ಹೊರಗೆ ಬಿಡಬೇಡಿ. ತೋಳಗಳು ನಿಮ್ಮ ತಂಟೆಗೆ ಬರುವುದಿಲ್ಲ, ಆದರೆ ಇಲ್ಲಿನ ಕೆಂಪು ನರಿಗಳಿಗೆ ಬೆವರಿನ ಉಪ್ಪು ಹಿಡಿದ ಶೂ ಎಂದರೆ ಪ್ರಾಣ, ಕಚ್ಚಿಕೊಂಡು ಹೋಗುತ್ತವೆ. ಅದೂ ಎರಡನ್ನೂ ಒಯ್ಯುವುದಿಲ್ಲ, ಒಂದನ್ನೇ.